ಅರ್ಧ ಮುಖ ಮಾಡಿಸಿಕೊಂಡದ್ದು

ಸೊಸೆಯ ಬ್ಯೂಟಿ ಪಾರ್ಲರಿಗೆ ಎರಡು ತಿಂಗಳು ಒಬ್ಬ ಹೆಂಗಸೂ ಕಾಲಿಡಲಿಲ್ಲ. ಅದಕ್ಕೆ ಕಾರಣ ನಾನೇ. ಊರವರು ಬೇರೆ ಏನೇನೋ ಹೇಳುತ್ತಾರೆ, ನಂಬಬೇಡಿ.

ಅತನೂರಿನ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಅವಳು ಅಂಗಡಿ ಹಾಕಿದ್ದಳು. ಅಫಜಲಪುರಕ್ಕೆ ಬಸ್ಸಿನಲ್ಲಿ ಓಡಾಡಿ ಕೆಲಸ ಕಲಿತಿದ್ದಳು. ದೊಡ್ಡ ಕನ್ನಡಿ, ಒರಗುವ ಕುರ್ಚಿ, ಎಲ್ಲ ಇದ್ದವು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತ ನಾನೂ ಇದ್ದೆ. ಯಾರ ಸೊಸೆ ಬಂದು ಹುಬ್ಬು ತೀಡಿಸಿಕೊಂಡು ಹೋದಳು ಎಂಬ ಸುದ್ದಿ ಸಂಜೆಯೊಳಗೆ ಅವಳ ಅತ್ತೆಗೆ ಮುಟ್ಟುತ್ತದೆ ಎಂದು ಊರ ಸೊಸೆಯರಿಗೆಲ್ಲ ಗೊತ್ತಿತ್ತು. ನಾನು ಮುಟ್ಟಿಸುವವಳೇ. ಸುಳ್ಳು ಹೇಳಲಾರೆ.

ಮಗನಿಗೆ ಬೇಸರ ಬಂತು. ಅಮಾವಾಸ್ಯೆಯೊಳಗೆ ಗಿರಾಕಿ ಬಾರದಿದ್ದರೆ ಕನ್ನಡಿ ಇಳಿಸಿ ಅಲ್ಲಿ ಹಿಟ್ಟಿನ ಗಿರಣಿ ಕೂಡಿಸುತ್ತೇನೆ ಎಂದ. ಸೊಸೆ ಖಾಲಿ ಕುರ್ಚಿಯನ್ನು ಮತ್ತೊಮ್ಮೆ ಒರೆಸಿದಳು. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಒರೆಸಿದ್ದನ್ನು ನೋಡಲಾಗಲಿಲ್ಲ. ಕೆಲಸ ಕಲಿತ ಕೈ ಅದು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಆ ಕುರ್ಚಿಯನ್ನು ಬಾಗಿಲಾಚೆ ಎಳೆಸಿ, ಓಣಿಗೆ ಮುಖ ಮಾಡಿ ಕೂತೆ.

"ಬಲಗಡಿ ಅಷ್ಟ ಮಾಡು. ಎಡಗಡಿ ಮುಟ್ಟಬ್ಯಾಡ," ಅಂದೆ.

"ಅರ್ಧ ಮಾಡಿದ್ರ ಮಂದಿ ನಗ್ತಾರ್ರಿ ಅತ್ತಿ."

"ನಗಾಕರ ಬರ್ತಾರಲ್ಲ, ಬರ್ಲಿ."

ಕಡಲೆ ಹಿಟ್ಟು, ಮೊಸರು ಕಲಸಿ ತಿಕ್ಕಿದಳು. ಬಿಸಿನೀರಿನ ಅರಿವೆ ಇಟ್ಟಳು. ದಾರ ಹಲ್ಲಿನಲ್ಲಿ ಕಚ್ಚಿ ಗದ್ದದ ಕೂದಲು ಕಿತ್ತಾಗ ಕಣ್ಣಲ್ಲಿ ನೀರು ಬಂತು, ಬೈದೆ. ಕೊನೆಗೆ ಕುಸುಬಿ ಎಣ್ಣೆ ಹಚ್ಚಿ ಬೆರಳಿನಿಂದ ಮೇಲಕ್ಕೆ ಮೇಲಕ್ಕೆ ನೀವಿದಳು. ಬಲಗೆನ್ನೆ ಮಿಂಚಿತು. ಎಡಗೆನ್ನೆ ಬೇಸಿಗೆಯ ಎರೆಹೊಲದಂತೆ ಬಿರಿದೇ ಇತ್ತು.

ನಗಲು ಬಂದೇ ಬಂದರು. ಸೊಸೆಯರಲ್ಲ, ನನ್ನ ವಾರಿಗೆಯ ಅತ್ತೆಯರು. ಅವರಲ್ಲಿ ಎದುರು ಮನೆಯ ಗೆಳತಿಯದು ಊರಿಗೇ ಹೆಸರಾದ ಬಾಯಿ. ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಸಂತೆಯಲ್ಲಿ ಎಮ್ಮೆ ನೋಡಿದ ಹಾಗೆ ನೋಡಿದಳು.

"ಈ ಕಡಿಂದ ನೋಡಿದ್ರ ನೀ ನನ್ನ ತಂಗಿ ಆಗ್ತಿ. ಆ ಕಡಿಂದ ನೋಡಿದ್ರ ಸತ್ತ ನಮ್ಮತ್ತಿ ಆಗ್ತಿ ಬೇ," ಅಂದಳು.

ಎಲ್ಲರೂ ನಕ್ಕರು. ನಗು ನಿಂತ ಮೇಲೆ ದನಿ ತಗ್ಗಿಸಿ, ಕೂದಲು ಕಿತ್ತರೆ ಬಹಳ ನೋಯುತ್ತದೇನು ಎಂದು ಕೇಳಿದಳು. ನೋಯುತ್ತದೆ ಅಂದೆ. ಆದರೂ ಕೂತಳು.

ಸಂಜೆಯೊಳಗೆ ನಾಲ್ವರು ಅಜ್ಜಿಯರ ಮುಖ ಆಯಿತು. ಎಲ್ಲರ ಕೊನೆಗೆ ನನ್ನ ಎಡಗಡೆಯೂ ಆಯಿತು. ಯಾರ ವಯಸ್ಸೂ ಇಳಿಯಲಿಲ್ಲ. ಸತ್ತ ಚರ್ಮ ಹೋಯಿತು, ಗಡ್ಡ ಹೋಯಿತು. ಅಷ್ಟಕ್ಕೇ ನಾಲ್ವರೂ ತಲೆಯ ಸೆರಗು ಹಿಂದೆ ಸರಿಸಿ ಓಣಿಯ ನಟ್ಟನಡುವೆ ನಡೆದು ಹೋದರು. ಮಗ ಊಟಕ್ಕೆ ಕೂತಾಗ ಗಿರಣಿಯ ಮಾತು ಎತ್ತಲಿಲ್ಲ. ಸೊಸೆ ಅವನು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.

ಆದರೆ ಬರೀ ಮುದುಕಿಯರಿಂದ ಅಂಗಡಿ ನಡೆಯುವುದಿಲ್ಲ. ಮರುದಿನ ಮುಂಜಾನೆ ಚಹಾ ಕುಡಿದು ನೇರ ಎದುರು ಮನೆಗೆ ಹೋದೆ. ಗೆಳತಿ ತನ್ನ ಕೆನ್ನೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತಿದ್ದಳು. ಅವಳ ಅಪ್ಪಣೆ ಕೇಳಲಿಲ್ಲ. ಅವಳ ಕಣ್ಣೆದುರೇ ಅವಳ ಇಬ್ಬರು ಸೊಸೆಯರ ರಟ್ಟೆ ಹಿಡಿದು ನಮ್ಮ ಅಂಗಡಿಗೆ ಕರಕೊಂಡು ಬಂದೆ.