ಸಹಿಗೆ ಮೊದಲು ತುಂಬಿದ ಉಡಿ

ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಪಕ್ಕದ ಮನೆಯಾಕೆ ಮುಂಜಾನೆಯೇ ಸಂಜೆಯ ಕಾಯಿಪಲ್ಯೆ ಸೋಸಿಡುವವಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಎಲ್ಲಾ ಮೊದ್ಲೇ ಮಾಡಿಟ್ಟೀನ್ರೀ" ಅನ್ನುವಳು.

ಗಂಡ ರಿಟೈರಾಗಿದ್ದ, ಕ್ವಾರ್ಟರ್ಸ್ ಬಿಡಬೇಕಿತ್ತು. ಚಿತ್ತಾಪುರದಲ್ಲಿ ಒಂದು ಮನೆ ಗೊತ್ತು ಮಾಡಿದಳು. ತೀರಿಕೊಂಡ ತಾಯಿ-ತಂದೆಯಿಂದ ಬಂದ ಆ ಮನೆಯಲ್ಲಿ ಒಬ್ಬ ಅಣ್ಣನಿಗೂ ಮದುವೆಯಾಗಿ ಹೋಗಿದ್ದ ಮೂವರು ತಂಗಿಯರಿಗೂ ಪಾಲಿತ್ತು. ಒಬ್ಬರ ಸಹಿ ತಪ್ಪಿದರೂ ಖರೀದಿ ನಿಲ್ಲುತ್ತದೆಂದು ಸೇಡಂ, ಕಾಳಗಿ, ಚಿಂಚೋಳಿಗೆ ತಾನೇ ಬಸ್ಸಿನಲ್ಲಿ ಹೋಗಿ ತಂಗಿಯರನ್ನು ಒಪ್ಪಿಸಿ ಬಂದಳು.

ರಿಜಿಸ್ಟ್ರಿ ದಿನ ನಾನೂ ಸಾಕ್ಷಿಗೆಂದು ಹೋಗಿದ್ದೆ. ಕಚೇರಿಯ ಕಟ್ಟೆಯ ಮೇಲೆ ಮೂವರು ತಂಗಿಯರನ್ನೂ ಕೂಡಿಸಿ, ಕುಂಕುಮ ಹಚ್ಚಿ, ಕುಬಸದ ಖಣ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದಳು. ಎಲ್ಲರೂ ಒಳಗೆ ಹೊರಟರೂ ಚಿಂಚೋಳಿಯ ಕಿರಿಯವಳು ಉಡಿ ನೋಡುತ್ತ ಕುಳಿತೇ ಇದ್ದಳು.

"ಗಂಡನ ಮನಿಗಿ ಕಳಿಸುವಾಗ ನಮ್ಮವ್ವ ಹಿಂಗೇ ತುಂಬತಿದ್ಳು ಯಕ್ಕಾ. ಮತ್ತ ಬಾ ಅಂತಿದ್ಳು. ಇನ್ನ ನಾ ಎಲ್ಲಿಗಿ ಬರ್ಲಿ?"

ಉಡಿಯಲ್ಲಿದ್ದದ್ದನ್ನೆಲ್ಲ ಈಕೆಯ ಸೆರಗಿಗೇ ಸುರಿದು, ಸಹಿ ಮಾಡದೆ ಬಸ್ ಹತ್ತಿದಳು. ಎಷ್ಟು ಕರೆದರೂ ಮತ್ತೆ ಬರಲಿಲ್ಲ.

ಕ್ವಾರ್ಟರ್ಸ್ ಖಾಲಿ ಮಾಡಿ ಬಾಡಿಗೆ ಖೋಲಿಗೆ ಹೋಗುವ ದಿನ, ಗಂಟುಮೂಟೆಗಳ ನಡುವೆ ಕುಳಿತು ಈಕೆ ನನ್ನನ್ನು ಕೇಳಿದಳು:

"ಸಹಿ ಆದ ಮ್ಯಾಲ ತುಂಬಬೇಕಿತ್ತೇನ್ರೀ?"