ಬಿಲ್ಲೆ ಇಟ್ಟು ಕಡತ ಎತ್ತಿ, ವಕೀಲರೇ!

ಬೆಳಗಿನ ಆರೂಮುಕ್ಕಾಲು. ಬಂಗಾರಪೇಟೆಯ ಸರ್ಕಾರಿ ವಕೀಲರ ಕೊಠಡಿಯ ಬೀಗ ತೆಗೆಯುತ್ತಿದ್ದಾರೆ ಕದಿರಪ್ಪ. ವಕೀಲರು ಬರುವುದು ಹತ್ತಕ್ಕೆ. ಅಷ್ಟು ಹೊತ್ತಿಗೆ ಆ ದಿನದ ಕಡತಗಳೆಲ್ಲ ಧೂಳು ಕೊಡವಿಸಿಕೊಂಡು ಮೇಜಿನ ಮೇಲೆ ಕೂತಿರಬೇಕು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದವರು ಕಿಟಕಿ ತೆರೆಯುವುದಿಲ್ಲ, ದೀಪ ಹಾಕುವುದಿಲ್ಲ. ಮೊದಲು ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ಕೈಯಾಡಿಸುತ್ತಾರೆ. ಹಲಗೆಯಲ್ಲಿ ನಲವತ್ತಾರು ಮೊಳೆ. ಒಂದೊಂದು ಮೊಳೆಗೂ ಡಬ್ಬಿಯ ತಗಡಿನಲ್ಲಿ ಕತ್ತರಿಸಿ ನಂಬರು ಕೊರೆದ ಒಂದು ಬಿಲ್ಲೆ.

"ನಲವತ್ತಾರೂ ಐತೆ," ಎನ್ನುತ್ತಾರೆ, ನನಗಲ್ಲ, ತಮಗೆ ತಾವೇ. ಆಮೇಲೆ ಕೊನೆಯ ಮೊಳೆಯಿಂದ ತಮ್ಮ ಬಿಲ್ಲೆ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಸಂಜೆ ಬಾಗಿಲು ಹಾಕುವವರೆಗೂ ಅದು ಅಲ್ಲೇ ಇರುತ್ತದೆ. ಇಪ್ಪತ್ತೇಳು ವರ್ಷದಿಂದ ಹೀಗೇ.

ಕದಿರಪ್ಪನವರಿಗೆ ಈಗ ಐವತ್ತೆಂಟು. ಹುದ್ದೆ ದಲಾಯತ್, ಅಂದರೆ ಕಚೇರಿಯ ಜವಾನ. ಕಾಮಸಮುದ್ರದ ಕಡೆಯ ಹಳ್ಳಿಯವರು, ಓದಿದ್ದು ಏಳನೇ ಕ್ಲಾಸು, ವಾಸ ಊರಿಗಾಂನಲ್ಲಿ. ಮೊದಲ ರೈಲು ಹತ್ತುವ ಮುಂಚೆ ಸ್ಟೇಷನ್ನಿನ ಹೊರಗೆ ಪೆರುಮಾಳ್ ಎಂಬ ಒಂಟಿಕಾಲಿನ ಗೆಳೆಯನ ಅಂಗಡಿಯಲ್ಲಿ ಒಂದು ಟೀ ಕುಡಿದೇ ಬರುತ್ತಾರೆ. ಈ ತಿಂಗಳು, ಅಂದರೆ 1992ರ ಆಗಸ್ಟ್ ಮೂವತ್ತೊಂದಕ್ಕೆ, ಅವರು ನಿವೃತ್ತರಾಗುತ್ತಾರೆ. ನಿವೃತ್ತಿ ಯಾರಿಗಿಲ್ಲ ಹೇಳಿ? ಆದರೆ ಇವರ ಜೊತೆ ಈ ಹಲಗೆಯೂ ಮನೆಗೆ ಹೋಗುತ್ತದೆಯೋ ಏನೋ ಎಂಬುದೇ ಇಲ್ಲಿನ ಆತಂಕ. ಸರ್ಕಾರದ ಯಾವ ನಿಯಮದಲ್ಲೂ ಬಿಲ್ಲೆಯ ಮಾತಿಲ್ಲ. ನಾಳೆ ಬರುವವರು ರದ್ದಿ ಅಂದರೆ ರದ್ದಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಸಂಗತಿ ಏನೆಂದರೆ, ಕದಿರಪ್ಪ ಮೊದಲು ಇದ್ದದ್ದು ಚಿನ್ನದ ಗಣಿಯಲ್ಲಿ. ಹನ್ನೊಂದು ವರ್ಷ ಬಿಲ್ಲೆ ಕೋಣೆಯ ಕೆಲಸ. "ಕೆಳಿಕ್ ಇಳಿಯೋನು ಅಲಗೆಯಿಂದ ತನ್ ಬಿಲ್ಲೆ ತಕ್ಕೊಂಡ್ ಓಗ್ತಾನೆ ಸಾರ್. ಮ್ಯಾಲಕ್ ಬಂದ್ಮೇಲೆ ನಮ್ಗ್ ಕೊಡ್ತಾನೆ, ನಾವ್ ತೂಗಾಕ್ತೀವಿ. ಮೊಳೆ ಕಾಲಿ ಇದ್ರೆ ಮನ್ಸ ಇನ್ನೂ ಕೆಳಗವ್ನೆ ಅಂತ. ಓಗಿ ಉಡುಕ್ಬೇಕು. ಅಷ್ಟೇ ಲೆಕ್ಕ."

1965ರಲ್ಲಿ ಈ ಕೊಠಡಿಗೆ ಬಂದಾಗ ಕಡತಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಒಬ್ಬರು ಮನೆಗೆ ಒಯ್ಯುತ್ತಿದ್ದರು, ಇನ್ನೊಬ್ಬರು ಸೈಕಲ್ ಕ್ಯಾರಿಯರಿನಲ್ಲಿ ಮರೆಯುತ್ತಿದ್ದರು. ಕೋರ್ಟಿನಲ್ಲಿ ಕೂಗಿದಾಗ ‘ಕಡತ ಸಿಗುತ್ತಿಲ್ಲ, ವಾಯಿದೆ ಕೊಡಿ’ ಎಂಬುದೇ ಸರ್ಕಾರದ ವಾದ. ಕದಿರಪ್ಪನವರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಗಣಿಯ ಪದ್ಧತಿಯನ್ನೇ ತಂದು ಇಲ್ಲಿ ಇಳಿಸಿಬಿಟ್ಟರು. ಯಾರು ಕಡತ ಎತ್ತಿದರೂ ಹಲಗೆಯಿಂದ ತಮಗೆ ಗೊತ್ತುಮಾಡಿದ ನಂಬರುಗಳಲ್ಲಿ ಕಡತಕ್ಕೊಂದರಂತೆ ಬಿಲ್ಲೆ ತೆಗೆದು ಕಡತ ಇದ್ದ ಜಾಗದಲ್ಲಿ ಇಡಬೇಕು. ಕಡತ ವಾಪಸು ಇಟ್ಟ ಮೇಲೆ ಬಿಲ್ಲೆ ಹಲಗೆಗೆ. ಹಲಗೆ ನೋಡಿದರೆ ಎಷ್ಟು ಕಡತ ಹೊರಗಿವೆ ಎಂದು ಗೊತ್ತಾಗುತ್ತದೆ, ಕಪಾಟು ನೋಡಿದರೆ ಯಾರ ಹತ್ತಿರ ಇವೆ ಎಂದು. ಕಪಾಟಿನಲ್ಲಿ ಈಗ ಆರುನೂರ ಎಂಬತ್ತು ಕಡತಗಳಿವೆ. ದಿನಕ್ಕೆ ಇಪ್ಪತ್ತೈದು, ಮೂವತ್ತು ಹೊರಗೆ ಹೋಗಿ ಬರುತ್ತವೆ. ಸಂಜೆ ಐದೂವರೆಗೆ ಮೊಳೆ ಖಾಲಿ ಇದ್ದರೆ ಕದಿರಪ್ಪ ವಕೀಲರ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ.

"ಮನೇಲೂ ಇದೇ ಗೋಳು," ಎಂದು ಅವರ ಹೆಂಡತಿ ಚಿಕ್ಕವೆಂಕಟಮ್ಮ ನಗುತ್ತಾರೆ. "ಪಕ್ಕದ್ ಮನೆಯೋರು ಒರಳ್ ಕಲ್ಲಿನ ಗುಂಡು ಕೇಳುದ್ರೆ, ಏನ್ ಇಟ್ಟು ತಕ್ಕೊಂಡ್ ಓಯ್ತೀರಿ ಅಂತ ಕೇಳ್ತಾರೆ ಈ ಮಾರಾಯ್ರು!"

ಆದರೆ ಕಡತ ಸಿಕ್ಕರೆ ಸಾಕೇ? ಸರ್ಕಾರ ಬದಲಾದಂತೆ ಸರ್ಕಾರಿ ವಕೀಲರೂ ಬದಲಾಗುತ್ತಾರೆ. ಹೋಗುವವರ ತಲೆಯಲ್ಲಿದ್ದದ್ದು ಅವರ ಜೊತೆ ಹೋಗುತ್ತದೆ. ಹೊಸಬರು ಅ ಆ ಇ ಈ ಇಂದ ಶುರು ಮಾಡಬೇಕು. ಅದಕ್ಕೂ ಕದಿರಪ್ಪನ ಗಣಿಯಲ್ಲಿ ಮದ್ದಿತ್ತು. ಅಲ್ಲಿ ಪಾಳಿ ಮುಗಿಸಿದ ಮೇಸ್ತ್ರಿ ಪುಸ್ತಕದಲ್ಲಿ ಬರೆದಿಡುತ್ತಿದ್ದ: ಎಲ್ಲಿ ಕಲ್ಲು ಸಡಿಲ, ಎಲ್ಲಿ ನೀರು ಜಿನುಗುತ್ತದೆ. ಮುಂದಿನ ಪಾಳಿಯವನು ಓದಿ ರುಜು ಹಾಕದೆ ಇಳಿಯುವಂತಿರಲಿಲ್ಲ. ಇಲ್ಲಿಯೂ ಒಂದು ಪಾಳಿ ಪುಸ್ತಕ ಹುಟ್ಟಿತು. ಹೋಗುವ ವಕೀಲರನ್ನು ಕೂರಿಸಿ, ಟೀ ತರಿಸಿ, ಒಂದೊಂದು ಕೇಸಿನಲ್ಲೂ ‘ನಮ್ಮ ಸಡಿಲ ಎಲ್ಲಿದೆ’ ಎಂದು ಬರೆಸಿಕೊಳ್ಳುತ್ತಾರೆ. ಈವರೆಗೆ ಏಳು ಮಂದಿ ವಕೀಲರು, ಹನ್ನೊಂದು ಪುಸ್ತಕ. ಒಂದು ಕಡತದ ಎದುರಿಗೆ ‘ಇಲ್ಲಿ ತಪ್ಪು ನಮ್ಮದೇ, ರಾಜಿ ಮಾಡಿಕೊಳ್ಳಿ’ ಎಂದೂ ಇದೆ.

"ಗಟ್ಟಿ ಇರೋದನ್ನ ಎಲ್ಲಾರೂ ಯೋಳ್ತಾರೆ ಸಾರ್," ಎನ್ನುತ್ತಾರೆ ಕದಿರಪ್ಪ. "ಸಡ್ಲ ಇರೋದನ್ನ ಯೋಳ್ಬೇಕು. ತಲೆ ಮ್ಯಾಲ್ ಬೀಳೋದು ಅದೇ."

ಈಗಿನ ಸರ್ಕಾರಿ ವಕೀಲರು ರಾಮಚಂದ್ರಪ್ಪ. ಹೋದ ವರ್ಷ ಬಂದವರು. ತಮ್ಮ ಕಥೆಯನ್ನು ತಾವೇ ಹೇಳಿಕೊಂಡು ನಗುವಷ್ಟು ದೊಡ್ಡ ಮನಸ್ಸು ಅವರದು. "ಬಂದ ಮೊದಲನೇ ದಿನ ಇವರು ಬಿಲ್ಲೆ ಇಡಿ ಅಂದ್ರು. ನಂಗೆ ಉರಿದುಹೋಯ್ತು ನೋಡಿ. ಕಾನೂನು ಓದಿದೋನು ನಾನು, ದಲಾಯತ್ ಹತ್ರ ಬಿಲ್ಲೆ ಇಡಬೇಕಾ? ಆ ಪುಸ್ತಕಾನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ ಅಂದುಬಿಟ್ಟೆ."

ಪುಸ್ತಕ ಅಟ್ಟಕ್ಕೆ ಹೋಗಲಿಲ್ಲ. ಆ ವಾರವೇ ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಯ ಕೆರೆಯ ಕೇಸು ಬಂತು. ಕೆರೆಯ ಮೂಡಣ ದಂಡೆ ತನ್ನ ಸ್ವಂತ ಜಮೀನು ಎಂದು ಒಬ್ಬರು ಹದಿನಾಲ್ಕು ವರ್ಷದ ಹಿಂದೆ ಹೂಡಿದ ದಾವೆ. ಕಡತದಲ್ಲಿ ಎರಡು ನಕ್ಷೆ. ಒಂದು ಮೊಹರು ಒತ್ತಿದ್ದು, ಅಂದವಾದದ್ದು. ಇನ್ನೊಂದು ಹರಿದದ್ದು, ಎಣ್ಣೆ ಕಲೆಯದು. ಯಾರಾದರೂ ಯಾವುದನ್ನು ಎತ್ತಿಕೊಳ್ಳುತ್ತಾರೆ? ರಾಮಚಂದ್ರಪ್ಪನವರೂ ಅಂದವಾದದ್ದನ್ನೇ ಎತ್ತಿಕೊಂಡು ಹೊರಟಿದ್ದರು. ಕದಿರಪ್ಪ ಬಾಗಿಲಲ್ಲಿ ಅಡ್ಡ ನಿಂತರು. "ಬಿಲ್ಲೆ ಇಡ್ದಿದ್ರೆ ಓಗ್ಲಿ ಬುದ್ದಿ. ನಾಕ್ನೇ ಪುಸ್ತಕ ಒಂದ್ ಕಿತ ನೋಡ್ಕೊಂಡ್ ಓಗಿ."

ಅದರಲ್ಲಿ 1983ರಲ್ಲಿ ಇದ್ದ ವಕೀಲರ ಬರಹವಿತ್ತು: ‘ಚೆಂದದ ನಕ್ಷೆಯನ್ನು ನಂಬಬೇಡಿ. ಮೂಡಣದ ಎಲ್ಲೆಕಲ್ಲನ್ನು ಅದರಲ್ಲಿ ತಪ್ಪು ಜಾಗದಲ್ಲಿ ಗುರುತು ಮಾಡಿದೆ. ನಾನೇ ಹೋಗಿ ಕಲ್ಲು ಮುಟ್ಟಿ ಬಂದಿದ್ದೇನೆ. ಹರಿದದ್ದೇ ಸರಿ.’

ಹರಿದ ನಕ್ಷೆಯೇ ಕೋರ್ಟಿಗೆ ಹೋಯಿತು. ಈ ಜೂನ್‌ನಲ್ಲಿ ತೀರ್ಪು ಬಂತು. ಕೆರೆ ಊರಿಗೇ ಉಳಿಯಿತು. "ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡಿದ್ದೆ ನೋಡಿ," ಎನ್ನುತ್ತಾರೆ ರಾಮಚಂದ್ರಪ್ಪ. "ಅವತ್ತಿನಿಂದ ನಾನು ಬಿಲ್ಲೆ ನಂಬರ್ ಒಂದು." ಕದಿರಪ್ಪನವರ ನಂತರ ಹಲಗೆ, ಪುಸ್ತಕ ಎರಡನ್ನೂ ಟೈಪಿಸ್ಟ್ ವರಲಕ್ಷ್ಮಮ್ಮ ನೋಡಿಕೊಳ್ಳಲಿ ಎಂದು ಅವರು ಹೇಳಿದ್ದಾರೆ. ಕದಿರಪ್ಪನವರಿಗೆ ಮಾತ್ರ ಸಮಾಧಾನವಿಲ್ಲ. "ಉಡ್ಗಿ ಶಾನೆ ಚುರುಕು. ಯಾವ ಕಡತ ಎಲ್ಲೈತೆ ಅಂತ ನನಗಿಂತ ಚೆನ್ನಾಗ್ ಯೋಳ್ತಾಳೆ. ಆದ್ರೆ ಬೋ ಒಳ್ಳೇಳು. ಅದೇ ಬಯ."

ಒಳ್ಳೆಯವಳಾದರೆ ಭಯವೇಕೆ? ನನಗೆ ಅರ್ಥವಾಗಲಿಲ್ಲ. ಅರ್ಥವಾಗಲು ನಾನೇ ಒಂದು ಎಡವಟ್ಟು ಮಾಡಬೇಕಾಯಿತು.

ಮಧ್ಯಾಹ್ನ ನಾನು ನಾಲ್ಕನೇ ಪುಸ್ತಕವನ್ನು ಎತ್ತಿಕೊಂಡು ಜಗುಲಿಯಲ್ಲಿ ಓದುತ್ತಾ ಕೂತಿದ್ದೆ. ಪೇಪರಿನವನಾದರೂ ರಿಯಾಯಿತಿ ಇಲ್ಲ. ಹೊರಗಿನವರ ಬಿಲ್ಲೆ ಒಂದನ್ನು ಇಟ್ಟೇ ಎತ್ತಿದ್ದೆ. ಗಡಿಯಾರ ನೋಡಿದರೆ ಬೆಂಗಳೂರು ರೈಲಿಗೆ ಹೊತ್ತಾಗಿಬಿಟ್ಟಿತ್ತು. ವರಲಕ್ಷ್ಮಮ್ಮ ಕೈಯಲ್ಲಿ ಎರಡು ಕಡತ ಹಿಡಿದು ಒಳಗೆ ಹೋಗುತ್ತಿದ್ದರು. "ಅಮ್ಮಾ, ಇದನ್ನೂ ಇಟ್ಟು ನನ್ನ ಬಿಲ್ಲೇನೂ ನೀವೇ ತೂಗು ಹಾಕಿಬಿಡಿ," ಎಂದೆ. ಅವರು ನಗುತ್ತಾ ಕೈ ಚಾಚಿದರು.

"ಬ್ಯಾಡ!"

ಒಳಗಿನಿಂದ ಬಂದ ಆ ಕೂಗಿಗೆ ನಾನು ಬೆಚ್ಚಿದೆ. ಇಡೀ ದಿನ ಮೆತ್ತಗೆ ಮಾತಾಡಿದ ಕದಿರಪ್ಪ ಬಾಗಿಲಲ್ಲಿ ನಿಂತಿದ್ದರು. "ಅವ್ರವ್ರ ಬಿಲ್ಲೆ ಅವ್ರವ್ರೇ ಆಕ್ಬೇಕು. ರೈಲ್ ಓದ್ರೆ ಇನ್ನೊಂದ್ ಬತ್ತದೆ." ನಾನು ತೆಪ್ಪಗೆ ಒಳಗೆ ಹೋಗಿ ಪುಸ್ತಕ ಇಟ್ಟು ಬಿಲ್ಲೆ ತೂಗು ಹಾಕಿದೆ. ರೈಲು ಹೋಯಿತು. ಹೋಗಿದ್ದೇ ಒಳ್ಳೆಯದಾಯಿತು. ಸಂಜೆ ಅವರೇ ನನ್ನನ್ನು ಊರಿಗಾಂಗೆ, ಪೆರುಮಾಳ್ ಅಂಗಡಿಗೆ ಕರೆದುಕೊಂಡು ಹೋದರು.

1964ರ ಮಾತು, ಪೆರುಮಾಳ್ ಆಗ ಅದೇ ಗಣಿಯ ಕೆಲಸಗಾರ, ಎಂದು ಕದಿರಪ್ಪ ಶುರು ಮಾಡಿದರು. ಪಾಳಿ ಮುಗಿದು ಮೇಲೆ ಬರುವ ಹೊತ್ತಿನಲ್ಲಿ ಪೆರುಮಾಳ್‌ಗೆ ಊಟದ ಡಬ್ಬಿ ಮರೆತದ್ದು ನೆನಪಾಯಿತು. ತನ್ನ ಬಿಲ್ಲೆಯನ್ನು ಜೊತೆಯವನ ಕೈಗೆ ಕೊಟ್ಟು, ನಡಿ ಬಂದೆ ಎಂದು ಹಿಂದಕ್ಕೆ ಹೋದ. ಜೊತೆಯವನು ಮೇಲೆ ಬಂದು ಎರಡು ಬಿಲ್ಲೆ ನೀಡಿದ. ಬಿಲ್ಲೆ ಕೋಣೆಯಲ್ಲಿದ್ದದ್ದು ಕದಿರಪ್ಪ. ಒಬ್ಬನ ಕೈಯಿಂದ ಒಂದೇ ಬಿಲ್ಲೆ ಎಂಬುದು ನಿಯಮ. ಆದರೆ ಪರಿಚಯದ ಹುಡುಗ, ಹಸಿದ ಮುಖ. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎರಡನ್ನೂ ತೂಗು ಹಾಕಿದರು. ಕೆಳಗೆ ಕಲ್ಲು ಕುಸಿದು ಪೆರುಮಾಳ್‌ನ ಕಾಲು ಸಿಕ್ಕಿಕೊಂಡಿತ್ತು. ಹಲಗೆ ತುಂಬಿತ್ತು, ಹಾಗಾಗಿ ಯಾರೂ ಹುಡುಕಲಿಲ್ಲ. ಎಂಟು ತಾಸು ಕಳೆದ ಮೇಲೆ ಮುಂದಿನ ಪಾಳಿಯವರಿಗೆ ನರಳುವುದು ಕೇಳಿಸಿತು. ಜೀವ ಉಳಿಯಿತು, ಕಾಲು ಹೋಯಿತು. ಕದಿರಪ್ಪ ಅದೇ ವಾರ ಗಣಿ ಕೆಲಸ ಬಿಟ್ಟರು.

ಹೇಳುವಾಗ ಅವರ ಕಣ್ಣು ತುಂಬಿತ್ತು. ಪೆರುಮಾಳ್ ಟೀ ಸೋಸುತ್ತಾ ಗದರಿದರು. "ಇವನ್ ಪೈತ್ಯಂ ಸಾರ್, ಹುಚ್ಚ! ಡಬ್ಬಿ ಮರ್ತಿದ್ದು ನಾನು, ಬಿಲ್ಲೆ ಕೊಟ್ ಕಳಿಸಿದ್ದು ನಾನು, ಕಾಲ್ ಮುರಿದಿದ್ದು ಕಲ್ಲು. ಇವನು ಇಪ್ಪತ್ತೆಂಟು ವರ್ಷದಿಂದ ತಾನೇ ಮಾಡ್ದಂಗೆ ಆಡ್ತಾನೆ. ಒಂದ್ ವರ್ಷ ನನ್ ಮುಖಾನೇ ನೋಡ್ಲಿಲ್ಲ. ಆಮೇಲೆ ಒಂದ್ ದಿನ ಬಂದು, ತಗಡಲ್ಲಿ ನಲವತ್ತಾರ್ ಬಿಲ್ಲೆ ಕತ್ರಿಸ್ ಕೊಡು ಅಂದ. ಬಿಲ್ಲೆಗ್ ಬಂದ್ಯಾ, ನನ್ ನೋಡಕ್ ಬಂದ್ಯಾ ಅಂದೆ. ಎರಡ್ಕೂ ಅಂದ. ಸರಿ ಪಾ, ಟೀ ಕುಡಿ ಅಂದೆ. ಅವತ್ತಿಂದ ದಿನಾ ಕುಡೀತಾನೆ."

ಒಳ್ಳೆಯತನದ ಭಯ ಏನೆಂದು ಆಗ ನನಗೆ ತಿಳಿಯಿತು. ವರಲಕ್ಷ್ಮಮ್ಮ ನಗುತ್ತಾ ಚಾಚಿದ ಆ ಕೈಯಲ್ಲಿ ಕದಿರಪ್ಪ ತಮ್ಮದೇ ಕೈಯನ್ನು ಕಂಡಿದ್ದರು.

ಆಗಸ್ಟ್ ಮೂವತ್ತೊಂದರ ಸೋಮವಾರ ನಾನು ಮತ್ತೆ ಬಂದಿದ್ದೇನೆ. ಹಾರ, ಶಾಲು, ಮೈಸೂರುಪಾಕು ಎಲ್ಲ ಮುಗಿದಿದೆ. ಪೆರುಮಾಳ್ ಕಂಕುಳಕೋಲು ಊರಿಕೊಂಡು ರೈಲಿನಲ್ಲಿ ಬಂದಿದ್ದಾರೆ. ತಾವೇ ಕತ್ತರಿಸಿದ ಬಿಲ್ಲೆಗಳು ತೂಗುವುದನ್ನು ಅವರು ನೋಡುತ್ತಿರುವುದು ಇದೇ ಮೊದಲು. "ನಂಬರ್ ಏಳು ಸೊಟ್ಟ ಆಗಿದೆ ಪಾ," ಎನ್ನುತ್ತಾರೆ.

ಕದಿರಪ್ಪ ಹನ್ನೆರಡನೇ ಪುಸ್ತಕ ತೆರೆದು ಮೊದಲ ಪುಟದಲ್ಲಿ ನಿಧಾನವಾಗಿ ಬರೆಯುತ್ತಾರೆ. ಇಷ್ಟು ವರ್ಷ ಬೇರೆಯವರಿಂದ ಬರೆಸಿದವರು ಇವತ್ತು ತಮ್ಮ ಪಾಳಿಯನ್ನು ತಾವೇ ಒಪ್ಪಿಸಬೇಕು. ‘ಕದಿರಪ್ಪ, ದಲಾಯತ್. ಸಡಿಲ ಜಾಗ: ನನಗೆ ಇಲ್ಲ ಅನ್ನುವುದು ಕಷ್ಟ. 1964ರಲ್ಲಿ ಒಂದು ಸಲ ಅನ್ನಲಿಲ್ಲ. ಮುಂದಿನ ಪಾಳಿಯವರು ಅನ್ನಬೇಕು.’ ವರಲಕ್ಷ್ಮಮ್ಮ ಅದನ್ನು ಎರಡು ಸಲ ಓದಿ ಕೆಳಗೆ ರುಜು ಹಾಕುತ್ತಾರೆ.

ಐದೂವರೆ. ಕಡತಗಳೆಲ್ಲ ಒಳಗೆ ಬಂದಿವೆ. ಹಲಗೆಯಲ್ಲಿ ಖಾಲಿ ಇರುವುದು ಕೊನೆಯ ಮೊಳೆಯೊಂದೇ. ಕದಿರಪ್ಪ ಚಪ್ಪಲಿ ಮೆಟ್ಟಿಕೊಂಡು, ಶಾಲು ಹೆಗಲಿಗೆ ಹಾಕಿಕೊಂಡು, ಹೊಸಿಲ ಹೊರಗೆ ನಿಂತು ಜೇಬಿನಿಂದ ಬಿಲ್ಲೆ ತೆಗೆಯುತ್ತಾರೆ. "ತಕ್ಕವ್ವ, ರೈಲಿಗ್ ಒತ್ತಾಯ್ತು. ಚಪ್ಲಿ ಬೇರೆ ಮೆಟ್ಕೊಂಡ್ಬುಟ್ಟೆ. ನಂದೂ ನೀನೇ ತೂಗಾಕ್ಬುಡು."

ವರಲಕ್ಷ್ಮಮ್ಮನ ಕೈ ಅರ್ಧಕ್ಕೆ ಬಂದು ನಿಲ್ಲುತ್ತದೆ. ಗುರುವಿನಂಥ ಮನುಷ್ಯ, ಅದೂ ಕೊನೆಯ ದಿನ. ಆಕೆ ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

"ಆಗಲ್ಲ ಕಣಣ್ಣ. ನಿಮ್ಮ ಬಿಲ್ಲೆ ನೀವೇ ಹಾಕ್ಬೇಕು. ರೈಲು ಹೋದ್ರೆ ಇನ್ನೊಂದು ಬರ್ತದೆ."

ಪೆರುಮಾಳ್ ಕೋಲು ನೆಲಕ್ಕೆ ಕುಟ್ಟಿ ಗಟ್ಟಿಯಾಗಿ ನಗುತ್ತಾರೆ. ಕದಿರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ತಮ್ಮ ಬಿಲ್ಲೆಯನ್ನು ಕೊನೆಯ ಮೊಳೆಗೆ ತೂಗು ಹಾಕಿ, ಹಲಗೆಯ ಮೇಲೆ ಒಂದು ಸಲ ಕೈಯಾಡಿಸುತ್ತಾರೆ. ಆಮೇಲೆ ಬೀಗದ ಕೈ ವರಲಕ್ಷ್ಮಮ್ಮನ ಅಂಗೈಗೆ ಇಟ್ಟು, ಪೆರುಮಾಳ್‌ನ ಕಡೆ ತಿರುಗಿ ಹೇಳುತ್ತಾರೆ:

"ನಲವತ್ತಾರೂ ಐತೆ ಕಣ್ಲಾ. ಎಲ್ಲಾರೂ ಮ್ಯಾಲಕ್ ಬಂದವ್ರೆ."