ರೆಮ್ಮರ್ ಮಾವನ ನೂರೈವತ್ತೆರಡು

ನಮ್ಮ ರೆಮ್ಮರ್ ಮಾವನ ಹೆಸರಿನಲ್ಲಿ ಗೇಣು ನೆಲವೂ ಇರಲಿಲ್ಲ. ಆದರೆ ಈ ಸುತ್ತಿನ ಆರು ಮೈಲಿಯಲ್ಲಿ ಅವನ ಸಲಿಕೆ ಬೀಳದ ಜಾಗ ಹುಡುಕಿದರೆ ಒಂದೇ ಸಿಗುತ್ತಿತ್ತು. ಅದು ನಮ್ಮ ಹೊಲದ ಬೇಲಿಯಾಚೆಯ ಹೈಯೆ ಬೂರ್ ಎಂಬ ನೆರೆಯವನ ಜೌಗು. ಬೂರನಿಗೆ ಬಾತುಕೋಳಿ ಬೇಟೆಯ ಹುಚ್ಚು, ಆ ಹನ್ನೆರಡು ಎಕರೆಯನ್ನು ಬಾತುಕೋಳಿಗೇ ಬಿಟ್ಟಿದ್ದ.

ಮಾವ ಎಂದರೆ ನನ್ನ ತಾಯಿಯ ಅಣ್ಣ, ರೆಮ್ಮರ್ ಸೀಬೆನ್ಸ್. ಹೊಲದ ನೀರು ಬಸಿದುಹೋಗಲು ನೆಲದಡಿ ಸುಟ್ಟ ಮಣ್ಣಿನ ಕೊಳವೆ ಹಾಕುವುದು ಅವನ ಕೆಲಸ. ಇಲಿನಾಯ್‌ನ ಈ ಬಯಲು ಇವತ್ತು ಮೇಜಿನ ಹಾಗೆ ಚಪ್ಪಟೆಯಾಗಿ, ಕಪ್ಪಗೆ, ಮೆಕ್ಕೆಜೋಳ ಸೋಯಾ ಬೆಳೆದುಕೊಂಡು ಬಿದ್ದಿರುವುದನ್ನು ಕಂಡವರು ದೇವರು ಹೀಗೇ ಮಾಡಿಟ್ಟ ಎನ್ನುತ್ತಾರೆ. ಈ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ದೇವರು ಮಾಡಿಟ್ಟಿದ್ದು ಎದೆಮಟ್ಟದ ಹುಲ್ಲು, ಮೊಣಕಾಲುಮಟ್ಟದ ನೀರು, ಸೊಳ್ಳೆ, ಚಳಿಜ್ವರ. ನಮ್ಮ ಅಜ್ಜಂದಿರು ಫ್ರೀಸ್‌ಲ್ಯಾಂಡಿನ ಸಮುದ್ರದಂಚಿನಿಂದ ಇಲ್ಲಿಗೆ ಬರುವ ಹೊತ್ತಿಗೆ ಎತ್ತರದ ನೆಲವನ್ನೆಲ್ಲ ಬೇರೆಯವರು ಹಿಡಿದಾಗಿತ್ತು. ಇವರ ಪಾಲಿಗೆ ಉಳಿದದ್ದು ಜೌಗು. "ಕಪ್ಪೆ ಸಾಕೋದಕ್ಕೆ ಬಂದಿದಾರೆ" ಎಂದು ಜನ ನಕ್ಕರಂತೆ. ನಮ್ಮವರು ಚಹಾ ಕುಡಿದು ಸಲಿಕೆ ಹಿಡಿದರು. ಹುಟ್ಟಿದ ಊರಲ್ಲಿ ಸಮುದ್ರವನ್ನೇ ಒಡ್ಡು ಕಟ್ಟಿ ಆಚೆ ನಿಲ್ಲಿಸಿದ್ದ ಜನಕ್ಕೆ ನೀರನ್ನು ಎಲ್ಲಿಗೆ ಕಳಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಾವ ಯಾವಾಗಲೂ ಕೆಲಸ ಶುರುಮಾಡುತ್ತಿದ್ದದ್ದು ಕೊನೆಯಿಂದ. ಬಸಿಗಾಲುವೆಯ ದಡದಲ್ಲಿ ಕೊಳವೆಯ ಹೊರಬಾಯಿ ಕೂರಿಸಿ, ಅಲ್ಲಿಂದ ಹೊಲದೊಳಕ್ಕೆ ಅಗೆದುಕೊಂಡು ಹೋಗುತ್ತಿದ್ದ. ಅಗೆತ ಒಂದು ಬೂಟಿನಷ್ಟೇ ಅಗಲ, ಮೂರೂವರೆ ಅಡಿ ಆಳ. ಮೇಲಿನ ಕಪ್ಪು ಮಣ್ಣು ಎಡಕ್ಕೆ, ಕೆಳಗಿನ ಬೂದುಮಣ್ಣು ಬಲಕ್ಕೆ, ಒಂದಕ್ಕೊಂದು ಬೆರೆಯುವ ಹಾಗಿಲ್ಲ. ಮಟ್ಟ ನೋಡಲು ಯಂತ್ರ ಗಿಂತ್ರ ಇರಲಿಲ್ಲ. "ನೀರು ಬೆನ್ನ ಹಿಂದೆ ಹೋಗ್ತಾ ಇರ್ಬೇಕು. ಕಾಲ ಹತ್ರ ನಿಂತ್ರೆ ನಾನು ತಪ್ಪಿದೀನಿ ಅಂತ ಲೆಕ್ಕ" ಎನ್ನುತ್ತಿದ್ದ. ಕೊಳವೆ ಒಂದೊಂದೂ ಒಂದಡಿ ಉದ್ದ. ಪ್ರತಿಯೊಂದನ್ನೂ ಸಲಿಕೆಯ ಹಿಡಿಯಿಂದ ತಟ್ಟುತ್ತಿದ್ದ. ಠಣ್ ಎಂದರೆ ಕೊಕ್ಕೆಗೋಲಿಗೆ ಸಿಕ್ಕಿಸಿ ಕೆಳಗಿಳಿಸುವುದು, ಡಬ್ ಎಂದರೆ ಎಸೆಯುವುದು. ಎಸೆದ ಕೊಳವೆಗಳನ್ನು ಅಮ್ಮ ಮನೆಗೆ ತಂದು ಅಂಗಳದ ಸುತ್ತ ನಿಲ್ಲಿಸಿ ಹೂಗಿಡ ಹಾಕಿದ್ದಳು. ಏಪ್ರಿಲ್ ತಿಂಗಳ ಬೆಳಗಿನಲ್ಲಿ ದೂರದ ಹೊಲದಿಂದ ಆ ಠಣ್ ಠಣ್ ಕೇಳಿದರೆ ಚಳಿಗಾಲ ಮುಗಿಯಿತು ಎಂದು ನಮಗೆ ಖಾತ್ರಿ. ಈಗ ಆ ಸದ್ದು ಎಲ್ಲಿದೆ? ಪ್ಲಾಸ್ಟಿಕ್ ಕೊಳವೆ ಸುರುಳಿಯಲ್ಲಿ ಬರುತ್ತದೆ, ತಟ್ಟಿದರೆ ಸತ್ತ ಹಾವನ್ನು ತಟ್ಟಿದ ಹಾಗೆ.

ಕೊಳವೆ ಕೂತ ಮೇಲೆ ಬೂದುಮಣ್ಣು, ಅದರ ಮೇಲೆ ಕಪ್ಪು ಮಣ್ಣು ಎಳೆದು ಮುಚ್ಚುವುದು. ಮರುವರ್ಷ ಅಲ್ಲಿ ಜೋಳ ತಲೆ ಮೀರಿ ಬೆಳೆಯುತ್ತಿತ್ತು. ಹೊಲದವನು ಬೀಜ ಒಳ್ಳೆಯದು ಎನ್ನುತ್ತಿದ್ದ. ಪಾದ್ರಿ ಕರ್ತನ ದಯೆ ಎನ್ನುತ್ತಿದ್ದರು. ಮಾವನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ.

ಊರಿನ ಧಾನ್ಯದ ಗೋದಾಮಿನ ಗೋಡೆಯಲ್ಲಿ ಒಂದು ನಕ್ಷೆ ತೂಗುಹಾಕಿದ್ದರು, ಯಾವ ಹೊಲ ಯಾರದು ಎಂದು ಹೆಸರು ಬರೆದದ್ದು. ಮಾವ ಹೋದಾಗಲೆಲ್ಲ ಅದರ ಮುಂದೆ ನಿಲ್ಲುತ್ತಿದ್ದ. ಅದರಲ್ಲಿ ಬೂರ್ ಇದ್ದ, ನಮ್ಮಪ್ಪ ಇದ್ದ, ಸತ್ತು ಹತ್ತು ವರ್ಷವಾದವರೂ ಇದ್ದರು. ಒಂದು ದಿನ ನನ್ನ ಕಡೆ ತಿರುಗಿ, "ವೀರ್ಟ್, ನಾನು ನಲವತ್ತು ವರ್ಷ ಬರೆದಿದ್ದೆಲ್ಲ ಈ ನಕ್ಷೆ ಕೆಳಗೆ ಐತೆ ಕಣೋ. ಓದೋರೇ ಇಲ್ಲ" ಎಂದ. ನಗುತ್ತಲೇ ಎಂದದ್ದು. ಆದರೆ ಅವನಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಗೊತ್ತಿತ್ತು. ಹೊಲ ಬೇಡ, ಮನೆ ಬೇಡ, ತಾನು ಮಾಡಿದ್ದು ಯಾವುದಾದರೂ ಒಂದು ಕಾಗದದ ಮೇಲೆ ಕಾಣಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಗೆಯುವ ಯಂತ್ರ ಬಂತು. ಮಾವ ಸಲಿಕೆಗೆ ಎಣ್ಣೆ ಸವರಿ ಗೋಡೆಗೆ ಒರಗಿಸಿ, ನಮ್ಮ ಮನೆ ಹಿಂದಿನ ಎರಡು ಕೋಣೆಯಲ್ಲಿ ಇರತೊಡಗಿದ.

ಸರ್ಕಾರದ ಮಣ್ಣಿನ ಸರ್ವೆಯವನು ಬಂದದ್ದು ಅರವತ್ತೊಂದರ ಏಪ್ರಿಲ್‌ನಲ್ಲಿ. ಮಾವನಿಗೆ ಆಗ ಎಪ್ಪತ್ತೆರಡು, ನನಗೆ ಇಪ್ಪತ್ನಾಲ್ಕು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವನು, ಅಪ್ಪ ತೀರಿಕೊಂಡ ಮೇಲೆ ಎಂಬತ್ತು ಎಕರೆ ನನ್ನ ಮೇಲೆ ಬಿದ್ದಿತ್ತು. ಬಂದವನ ಹೆಸರು ಲೈಲ್, ಮಿನ್ನೆಸೋಟಾ ಕಡೆಯವನು, ಉದ್ದನೆ ಆಳು. ಮಣ್ಣಿಗೆ ತಿರುವಿ ಇಳಿಸುವ ಕಬ್ಬಿಣದ ಬೈರಿಗೆಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ಹೊಲ ಹೊಲ ತಿರುಗುತ್ತಿದ್ದ. ಊರಿನ ಮಣ್ಣನ್ನೆಲ್ಲ ಜಾತಿ ಜಾತಿಯಾಗಿ ವಿಂಗಡಿಸಿ ನಕ್ಷೆ ಮಾಡುತ್ತಾರೆ ಎಂಬ ಸುದ್ದಿ ಬಂದಾಗಲೇ ಮಾವ ತಲೆ ಬಾಚಿಕೊಂಡಿದ್ದ.

ನಾನು ಟ್ರ್ಯಾಕ್ಟರ್ ನಿಲ್ಲಿಸಿ ಹತ್ತಿರ ಹೋದಾಗ ಅವರಿಬ್ಬರೂ ಪಿಕಪ್ಪಿನ ಮುಂಭಾಗದ ಮೇಲೆ ವಿಮಾನದಿಂದ ತೆಗೆದ ಫೋಟೋ ಹರಡಿಕೊಂಡು ನಿಂತಿದ್ದರು. ಲೈಲ್ ಅದರ ಮೇಲೆ ಗೆರೆ ಎಳೆದು ಅಂಕಿ ಬರೆಯುತ್ತಿದ್ದ.

"ನಮ್ಮ ಹೊಲಕ್ಕೆ ಯಾವ ನಂಬರಪ್ಪಾ?" ಮಾವ ಕೇಳಿದ.

"ನೂರೈವತ್ತೆರಡು ಯಜಮಾನ್ರೇ. ಡ್ರಮ್ಮರ್ ಅಂತ ಹೆಸರು. ಉತ್ತರಕ್ಕೊಂದು ಹಳ್ಳ ಇದೆಯಲ್ಲ, ಅದರ ಹೆಸರೇ ಇಟ್ಟಿದಾರೆ."

"ಬೇಲಿ ಆಚೆ? ಬೂರನ ಜೌಗು?"

"ಅದೂ ನೂರೈವತ್ತೆರಡೇ."

ಮಾವ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದ. ಬೇಲಿಯ ಗುಂಟ ಒಂದು ಗೆರೆಯೂ ಇರಲಿಲ್ಲ. "ಅಂದ್ರೆ ಈ ಹೊಲ, ಆ ಕಪ್ಪೆಗುಂಡಿ, ಎರಡೂ ಒಂದೇ?"

"ಮಣ್ಣು ಒಂದೇ. ನೀರು ಸರಿಯಾಗಿ ಬಸಿಯದ ಜಾತಿಗೆ ಸೇರಿದ್ದು."

ಮಾವ ಫೋಟೋ ಕೆಳಗಿಟ್ಟ. ಅವನ ಮುಖ ನೋಡಿ ನನಗೆ ಸಿಟ್ಟು ನೆತ್ತಿಗೇರಿತು.

"ಬಸಿಯಲ್ವಾ? ಏನಯ್ಯಾ, ಬಸಿಯಲ್ವಾ? ಹಾಗಾದ್ರೆ ನಾನೀಗ ಇಳಿದು ಬಂದಿದ್ದು ಟ್ರ್ಯಾಕ್ಟರಾ, ದೋಣಿಯಾ? ಈ ಮನುಷ್ಯ ಇಲ್ಲಿ ಬೆನ್ನು ಮುರ್ಕೊಂಡಿದಾನೆ, ನೀನು ಕೋಲು ಚುಚ್ಚಿ ಅರ್ಧ ಗಂಟೇಲಿ ಹೇಳ್ತೀಯಾ?" ಎಂದವನೇ ಅವನ ಬೈರಿಗೆ ಕಿತ್ತುಕೊಂಡು ಬಸಿಗಾಲುವೆಗೆ ಬಿಸಾಕಿದೆ.

ಲೈಲ್ ಬಾಯಿ ತೆರೆದುಕೊಂಡು ನಿಂತ. ಮಾವ ಮಾತ್ರ ನನ್ನನ್ನೇ ನೋಡಿದ.

"ಹೋಗಿ ತಗೊಂಡ್ ಬಾ."

"ನಾನ್ಯಾಕೆ ಮಾವ, ಇವನು ನಿನ್ನ…"

"ಅದು ಅವನ ಸಲಿಕೆ ಕಣೋ. ಹೋಗು."

ಹಿಮ ಕರಗಿದ ನೀರು, ಸೊಂಟದ ತನಕ. ಬೈರಿಗೆ ಕಾಲಿಗೆ ತಗಲುವಷ್ಟರಲ್ಲಿ ನನ್ನ ಕಾಲು ನನ್ನದಾಗಿರಲಿಲ್ಲ. ನನ್ನ ಕೈಲಿ ಬೈಸಿಕೊಂಡ ಲೈಲೇ ದಡದ ಮೇಲೆ ನನ್ನ ಬೂಟು ಹಿಡಿದುಕೊಂಡು ನಿಂತಿದ್ದ.

ಅಮ್ಮ ಮೂವರನ್ನೂ ಅಡುಗೆಮನೆಗೆ ಎಳೆದಳು. ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಬಿಸಿ ಚಹಾ ಹುಯ್ದಳು, ಸಕ್ಕರೆ ಚಿಟಚಿಟ ಎಂದು ಬಿರಿಯಿತು. ಮೇಲೆ ಅಂಚಿನ ಗುಂಟ ಕೆನೆ ಬಿಟ್ಟಳು. ಲೈಲ್ ಚಮಚ ತೆಗೆದು ಗರಗರ ಕಲಕಿದ.

"ಅಯ್ಯಯ್ಯೋ, ಕಲಕಬೇಡಪ್ಪಾ!" ಅಮ್ಮ ಅವನ ಕೈ ಹಿಡಿದಳು. "ಮೊದಲು ಕೆನೆ, ಆಮೇಲೆ ಕಹಿ, ತಳದಲ್ಲಿ ಸಿಹಿ. ಕಲಕಿದ್ರೆ ಎಲ್ಲಾ ಒಂದೇ ಆಗೋಗುತ್ತೆ."

"ಬಿಡು ಗೀಸ್ಕೆ," ಎಂದ ಮಾವ ಅಮ್ಮನಿಗೆ, "ಎಲ್ಲಾ ಒಂದೇ ಮಾಡೋದೇ ಅವನ ಕೆಲಸ."

ಲೈಲ್ ಕಿವಿ ತನಕ ಕೆಂಪಾದ. ಆದರೂ ಮೂರು ಬಟ್ಟಲು ಮುಗಿಸಿದ, ಎರಡನೆಯದನ್ನೂ ಮೂರನೆಯದನ್ನೂ ಕಲಕದೆ. ಅಮ್ಮನ ಲೆಕ್ಕದಲ್ಲಿ ಅಲ್ಲಿಗೆ ಅವನು ಪಾಸಾದ.

"ನಾಳೆ ಎರಡು ಗುಂಡಿ ತೆಗೆಯೋಣ," ಎಂದ ಮಾವ. "ಬೇಲಿ ಈಚೆ ಒಂದು, ಆಚೆ ಒಂದು. ಎರಡರಲ್ಲೂ ಇಳಿದು ನೋಡಿ, ಆಗ್ಲೂ ಒಂದೇ ಅಂತ ನನ್ನ ಮುಖ ನೋಡಿ ಹೇಳು."

ಮಾರನೆಯ ಬೆಳಿಗ್ಗೆ ಗೋಡೆಗೆ ಒರಗಿದ್ದ ಸಲಿಕೆ ಹದಿನೈದು ವರ್ಷದ ಮೇಲೆ ಹೊರಗೆ ಬಂತು. ಅಗೆದವನು ನಾನು, ಗೋಡೆ ಕೆರೆದು ನಯ ಮಾಡಿದವನು ಮಾವ. ನಮ್ಮ ಹೊಲದ ಗುಂಡಿ ನಾಲ್ಕಡಿ ಇಳಿಯಿತು. ತಳ ಒದ್ದೆ, ಅಷ್ಟೆ. ಲೈಲ್ ಚಾಕುವಿನಿಂದ ಒಂದೊಂದು ಪದರವನ್ನೂ ಕೆದಕಿ ತೋರಿಸಿದ. ಮೇಲೆ ಒಂದೂವರೆ ಅಡಿ ಕಪ್ಪು, ಒಲೆಯ ಮಸಿಗಿಂತ ಕಪ್ಪು. ಅದರ ಕೆಳಗೆ ಬೂದು, ಬೂದಿನ ತುಂಬ ಹಳೆ ಮೊಳೆ ತೊಳೆದಂತೆ ತುಕ್ಕಿನ ಚುಕ್ಕೆ. ಇನ್ನೂ ಕೆಳಗೆ ಮರಳು ಮಿಶ್ರಿತ ಪದರ. ಅದರ ಮೇಲೆ ಸೀಸೆಯಿಂದ ಏನೋ ತೊಟ್ಟು ಬಿಟ್ಟರೆ ಬುರುಬುರು ನೊರೆ ಬಂತು, ಸುಣ್ಣದ ಗುರುತು. ಮೇಲಿನ ಕಪ್ಪಿನ ಚಿಟಿಕೆ ಮಣ್ಣು ಒದ್ದೆ ಮಾಡಿ ಹೆಬ್ಬೆರಳಿನಿಂದ ಲಾಡಿಯ ಹಾಗೆ ಒತ್ತಿ ತೆಗೆದ. ಮಾವನೂ ಒಂದು ಚಿಟಿಕೆ ತೆಗೆದುಕೊಂಡ, ಆದರೆ ಬಾಯಿಗೆ ಹಾಕಿದ.

"ಹಲ್ಲಿಗೆ ಸಿಗೋ ಮರಳಿಲ್ಲ. ಹಿಟ್ಟಿನಂಥದ್ದೇ ಜಾಸ್ತಿ, ಜೇಡಿ ಮೂರನೇ ಒಂದು ಪಾಲು."

ಲೈಲ್ ತನ್ನ ಪುಸ್ತಕ ನೋಡಿದ, ಮಾವನನ್ನು ನೋಡಿದ. "ನಾನು ಇದನ್ನ ಕಲಿಯೋಕೆ ನಾಲ್ಕು ವರ್ಷ ಕಾಲೇಜಿಗೆ ಹೋದೆ ಯಜಮಾನ್ರೇ."

"ಊಟಕ್ಕೆ ಮುಂಚೆ ಕಲಿಸ್ತಿದ್ದೆ, ಕೇಳಿದ್ದಿದ್ರೆ."

ಅಷ್ಟರಲ್ಲಿ ಮಾವ ಬೂದುಗೋಡೆಯ ಒಂದು ಕಡೆ ಬೆರಳಿಟ್ಟು ನಿಂತುಬಿಟ್ಟ. ಅಲ್ಲಿ ಹೆಬ್ಬೆರಳು ದಪ್ಪದ ಕಪ್ಪು ಕಂಬವೊಂದು ನೆಟ್ಟಗೆ ಕೆಳಕ್ಕೆ ಇಳಿದಿತ್ತು.

"ಸೀಗಡಿ ಬಿಲ," ಎಂದ. ದನಿ ಬೇರೆಯಾಗಿತ್ತು. "ಕೆಸರು ಸೀಗಡಿ ತೋಡಿದ್ದು, ಮೇಲಿನ ಮಣ್ಣು ಇಳಿದು ತುಂಬ್ಕೊಂಡಿದೆ. ನಾನು ಚಿಕ್ಕವನಿದ್ದಾಗ ಇಲ್ಲೆಲ್ಲ ಮೊಣಕಾಲೆತ್ತರ ಮಣ್ಣಿನ ಗೋಪುರ ಕಟ್ಟಿರ್ತಿದ್ವು. ಕುದುರೆ ಹೂತುಹೋಗ್ದಿರ್ಲಿ ಅಂತ ಅಪ್ಪ ಅದರ ಕಾಲಿಗೆ ಹಲಗೆ ಕಟ್ತಿದ್ದ. ಸಂಜೆ ಆದ್ರೆ ಕಪ್ಪೆ ಕೂಗು, ಒಳಗೆ ಅವ್ವ ಕರೆದ್ರೂ ಕೇಳ್ತಿರ್ಲಿಲ್ಲ. ಎಲ್ಲಾನೂ ನಾನೇ ಓಡಿಸಿಬಿಟ್ಟೆ." ಬಿಲದ ಕಪ್ಪು ಮಣ್ಣನ್ನು ಬೆರಳಿನಿಂದ ಸ್ವಲ್ಪ ತೆಗೆದ, ಮತ್ತೆ ಅಲ್ಲೇ ಒತ್ತಿ ತುಂಬಿದ.

ಬೂರನ ಜೌಗಿನಲ್ಲಿ ಗುಂಡಿ ತೆಗೆಯುವುದೇ ಒಂದು ರಗಳೆಯಾಯಿತು. ಪದರ ಅವೇ, ಕಪ್ಪು ಅದೇ, ಬೂದು ಅದೇ, ತುಕ್ಕಿನ ಚುಕ್ಕೆ ಎಣಿಸಿದರೆ ಅಷ್ಟೇ ಬರುತ್ತಿತ್ತೇನೋ. ಆದರೆ ಮಂಡಿ ಆಳಕ್ಕೆ ಹೋಗುವಷ್ಟರಲ್ಲಿ ನಾಲ್ಕೂ ಕಡೆಯಿಂದ ನೀರು ಒಸರತೊಡಗಿತು. ಕಾಲು ಗಂಟೆಯಲ್ಲಿ ಗುಂಡಿ ತುಂಬಿ, ಅದರಲ್ಲಿ ನಮ್ಮ ಮೂರು ಟೋಪಿ ಕಂಡವು.

"ಬಣ್ಣ ಬಂದಿರೋದು ಸಾವಿರಾರು ವರ್ಷ ನೀರು ನಿಂತು," ಎಂದ ಲೈಲ್, ಮೆಲ್ಲಗೆ. "ನಾವು ಜಾತಿ ಹೇಳೋದು ಆ ಬಣ್ಣ ನೋಡಿ. ನೀವು ನೀರು ತೆಗೆದ್ರಿ, ಬಣ್ಣ ತೆಗೆಯೋಕಾಗಲಿಲ್ಲ."

"ಯಾವಾಗ ಹೋಗುತ್ತೆ ಈ ಬೂದು?"

"ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳು ಬಂದ್ರೂ ಹೋಗಲ್ಲ."

"ನನ್ನ ಕೊಳವೆ ಕಟ್ಟಿಕೊಂಡ್ರೆ?"

"ನಾಲ್ಕೈದು ವರ್ಷ ಸಾಕು. ಆ ಗುಂಡಿ ಈ ಗುಂಡಿ ಆಗುತ್ತೆ."

ಮಾವ ನೀರನ್ನೇ ನೋಡುತ್ತ ನಿಂತ. ಲೈಲ್‌ಗೆ ಪಾಪ ಎನಿಸಿರಬೇಕು. "ನಿಮಗೆ ಅಷ್ಟು ಬೇಜಾರಾಗೋದಾದ್ರೆ, ಬೇಲಿ ಮೇಲೆ ಒಂದು ಗೆರೆ ಎಳೆದು ನಿಮ್ಮ ಕಡೆಗೆ ಬೇರೆ ನಂಬರ್ ಕೊಡಬಹುದಾ ಅಂತ ಮೇಲಿನವರನ್ನ ಕೇಳ್ತೀನಿ. ಬೈತಾರೆ. ಆದ್ರೂ ಕೇಳ್ತೀನಿ."

"ಕೇಳು!" ಎಂದೆ ನಾನು. "ಇವತ್ತೇ ಕೇಳು!"

"ಬೇಡ," ಎಂದ ಮಾವ.

"ಮಾವ! ಇಷ್ಟು ವರ್ಷದಿಂದ ನೀನು…"

"ಸುಮ್ನಿರು ವೀರ್ಟ್. ಯಾವಾಗ್ಲೂ ಬಾಯಿ." ಲೈಲ್ ಕಡೆ ತಿರುಗಿದ. "ಗೆರೆ ಎಳೀಬೇಡ ತಮ್ಮಾ. ಒಣ ನೆಲ ಅಂತ ನೀನು ಬರೆದ್ರೆ ನಾಳೆ ಯಾವನೋ ದಡ್ಡ ಅದನ್ನೇ ನಂಬ್ತಾನೆ. ಹೊರಬಾಯಲ್ಲಿ ಹುಲ್ಲು ಬೆಳೆದ್ರೂ ಬಗ್ಗಿ ನೋಡಲ್ಲ. ನೂರೈವತ್ತೆರಡು ಅಂತಾನೇ ಇರ್ಲಿ. ಜೌಗಿನ ನಂಬರ್ ಇಟ್ಕೊಂಡು ಜೋಳ ಬೆಳೀತಿದೆ ಅಂದ್ರೆ ಕೆಳಗೆ ಏನೋ ಐತೆ ಅಂತ ಬುದ್ಧಿ ಇರೋನಿಗೆ ಗೊತ್ತಾಗುತ್ತೆ."

ಲೈಲ್ ಜೇಬಿನ ಪುಸ್ತಕ ತೆಗೆದ. ಕೊಳವೆ ಎಷ್ಟು ಆಳ, ಯಾವ ವರ್ಷ ಹಾಕಿದ್ದು, ಯಾರು ಹಾಕಿದ್ದು, ಎಲ್ಲ ಕೇಳಿ ಬರೆದುಕೊಂಡ. ನಂತರ ಓದಿ ಹೇಳಿದ: "ಮೂರೂವರೆ ಅಡಿಗೆ ಸುಟ್ಟ ಮಣ್ಣಿನ ಕೊಳವೆ, ಸಾವಿರದ ಒಂಬೈನೂರ ಹನ್ನೊಂದು, ನೀರು ಚೆನ್ನಾಗಿ ಹರಿಯುತ್ತಿದೆ. ಹಾಕಿದವರು ಆರ್. ಸೀಬೆನ್ಸ್."

"ಇನ್ನೊಂದ್ಸಲ ಓದು," ಎಂದ ಮಾವ.

ಓದಿದ.

ಮನೆಗೆ ಬರುವ ದಾರಿಯಲ್ಲಿ ಮಾವ, "ಪೆನ್ಸಿಲ್ಲಾ, ಶಾಯಿನಾ?" ಎಂದು ಕೇಳಿದ. ಪೆನ್ಸಿಲ್ ಎಂದೆ. "ಇರ್ಲಿ," ಎಂದ.

ಮಾವ ತೀರಿಕೊಂಡದ್ದು ಅರವತ್ತಾರರ ಮಾರ್ಚ್‌ನಲ್ಲಿ, ಕೊಳವೆಗಳೆಲ್ಲ ತುಂಬಿ ಹರಿಯುವ ಕಾಲದಲ್ಲಿ. ಮಣ್ಣಿನ ಪುಸ್ತಕ ಅಚ್ಚಾಗಿ ಬಂದದ್ದು ಅದಾಗಿ ಹದಿನಾರು ವರ್ಷಕ್ಕೆ. ನಾನು ಕಚೇರಿಗೆ ಹೋಗಿ ಒಂದು ಪ್ರತಿ ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದೆ. ನಮ್ಮ ಹೊಲ ಇತ್ತು. ಬೂರನ ಜೌಗೂ ಇತ್ತು. ಎರಡಕ್ಕೂ ಅದೇ ಅಂಕಿ, ಬೇಲಿಗೆ ಗೆರೆಯಿಲ್ಲ. ಸೀಬೆನ್ಸ್ ಎಂಬ ಹೆಸರು ಮೊದಲ ಪುಟದಿಂದ ಕೊನೆಯ ಪುಟದ ತನಕ ಎಲ್ಲೂ ಇರಲಿಲ್ಲ. ಪುಸ್ತಕವನ್ನು ಎತ್ತಿ ಗೋಡೆಗೆ ಹೊಡೆದೆ.

ಅಮ್ಮ ಎದ್ದು ಅದನ್ನು ಎತ್ತಿ ತಂದು, ಏಪ್ರನ್ನಿನಲ್ಲಿ ಒರೆಸಿ ಮತ್ತೆ ಮುಂದಿಟ್ಟಳು. "ಪೂರ್ತಿ ಓದೋ," ಎಂದಳು. ಬೆರಳಿಟ್ಟುಕೊಂಡು ಓದಿದೆ. ನೂರೈವತ್ತೆರಡರ ಬಗ್ಗೆ ಒಂದು ಪುಟ ಇತ್ತು. ಕಪ್ಪು ಎಷ್ಟು ಅಂಗುಲ, ಬೂದು ಎಷ್ಟು, ತುಕ್ಕು ಎಲ್ಲಿ, ಸುಣ್ಣ ಎಲ್ಲಿ. ಕೊನೆಯಲ್ಲಿ ಒಂದು ಸಾಲು: ಹೊರಬಾಯಿ ಸರಿಯಾಗಿದ್ದರೆ ಈ ಮಣ್ಣಿನಲ್ಲಿ ನೆಲದಡಿಯ ಕೊಳವೆಗಳು ಚೆನ್ನಾಗಿ ಕೆಲಸ ಮಾಡುತ್ತವೆ.

ಎರಡು ಸಲ ಓದಿದೆ, ಎರಡನೆಯ ಸಲ ಅಮ್ಮನಿಗೆ ಕೇಳುವ ಹಾಗೆ. ಅವಳು, "ಹೂಂ, ಅಣ್ಣನೇ ಮಾತಾಡಿದ ಹಾಗಿದೆ" ಎಂದು ಚಹಾ ಇಡಲು ಎದ್ದಳು.

ಈಗ ನನಗೆ ಐವತ್ತೊಂದು. ಪ್ರತಿ ವರ್ಷ ಮಾರ್ಚ್‌ನಲ್ಲಿ ಮಾವನ ಸಲಿಕೆ ಹಿಡಿದು ಬಸಿಗಾಲುವೆಗೆ ಇಳಿಯುತ್ತೇನೆ. ಹೊರಬಾಯಿಗೆ ಬೆಳೆದ ಹುಲ್ಲು ಕೊಯ್ದು, ನೀರಿಲಿ ಗೂಡಿಗೆ ಎಳೆದು ತಂದ ಕಡ್ಡಿ ಕಿತ್ತು, ಕೈ ಒಳಗೆ ಹಾಕಿ ನೋಡುತ್ತೇನೆ. ಕೈ ಮರಗಟ್ಟುವಷ್ಟು ತಣ್ಣಗೆ, ಚಹಾ ಕಾಯಿಸಬಹುದಾದಷ್ಟು ತಿಳಿಯಾಗಿ ನೀರು ಬರುತ್ತಿರುತ್ತದೆ. ಸಲಿಕೆಯ ಹಿಡಿಯಿಂದ ಕೊಳವೆಯ ಅಂಚನ್ನು ಒಮ್ಮೆ ತಟ್ಟುತ್ತೇನೆ. ಇನ್ನೂ ಠಣ್ ಎನ್ನುತ್ತದೆ.